ನದಿಗೆ ಬಣ್ಣ ಸುರಿದವರು

1986ರ ನವೆಂಬರ್ 1ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅಂಚಿನಲ್ಲಿರುವ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸಾವಿರ ಟನ್ನಿಗೂ ಮಿಕ್ಕಿ ಕೀಟನಾಶಕ ಮತ್ತಿತರ ರಾಸಾಯನಿಕಗಳಿದ್ದವು. ಬೆಂಕಿ ಆರಿಸಲು ಸುರಿದ ನೀರು ಅವುಗಳಲ್ಲಿ ಒಂದು ಪಾಲನ್ನು ತೊಳೆದುಕೊಂಡು ಪಕ್ಕದ ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು. ಕಣ್ಣಿಗೆ ಬಿದ್ದ ಆ ಕೆಂಪು ಗೋದಾಮಿನಲ್ಲಿದ್ದ ರೋಡಮಿನ್ ಎಂಬ ಬಣ್ಣದ್ದು. ಮೀನುಗಳನ್ನು ಕೊಂದದ್ದು ಅದರ ಜತೆ ಹರಿದ ಕೀಟನಾಶಕ. ಮುಂದಿನ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಹಾವುಮೀನುಗಳು ಸತ್ತು ತೇಲಿದವು.

ಬಾಸೆಲ್‌ನಿಂದ ಕೆಳಗೆ ರೈನ್ ದಂಡೆಯುದ್ದಕ್ಕೂ ಊರುಗಳಿವೆ: ಸ್ಟ್ರಾಸ್‌ಬರ್ಗ್, ಕಾರ್ಲ್ಸ್‌ರೂಅ, ಮೈಂಟ್ಸ್, ಕೋಬ್ಲೆಂಟ್ಸ್, ಕಲೋನ್. ಆಮೇಲೆ ನೆದರ್ಲೆಂಡ್ಸ್. ದಾರಿಯುದ್ದಕ್ಕೂ ಲಕ್ಷಾಂತರ ಜನರ ಕುಡಿಯುವ ನೀರು ಇದೇ ನದಿಯಿಂದ, ಅಥವಾ ಇದರ ದಂಡೆಯ ಬಾವಿಗಳಿಂದ ಬರುತ್ತದೆ. ಅಂಥ ಒಂದು ಊರಿನ ನೀರು ಸರಬರಾಜಿನ ಎಂಜಿನಿಯರನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಮೂರು ಸಂಗತಿ ಗೊತ್ತಾಗಬೇಕು. ವಿಷ ನನ್ನೂರಿಗೆ ಯಾವಾಗ ಬರುತ್ತದೆ? ಬಂದಾಗ ಎಷ್ಟು ದಟ್ಟವಾಗಿರುತ್ತದೆ? ಪೂರ್ತಿ ದಾಟಿಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ? ಮೊದಲನೆಯದು ಸುಲಭದ ಲೆಕ್ಕದಂತೆ ಕಾಣುತ್ತದೆ. ನದಿ ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತದೆ ಎಂದುಕೊಂಡರೆ ದಿನಕ್ಕೆ 86 ಕಿಲೋಮೀಟರ್. ಆದರೆ ಉಳಿದೆರಡಕ್ಕೆ ಉತ್ತರ ಹೇಳಬೇಕಾದರೆ ನದಿಯೊಳಗಿನ ಸುಳಿಗಳ ಲೆಕ್ಕ ಬೇಕು. ಆ ಲೆಕ್ಕವನ್ನು ಇಂದಿನವರೆಗೂ ಯಾರೂ ಪೂರ್ತಿ ಬಿಡಿಸಿಲ್ಲ. ಬಿಡಿಸಲಾಗದ್ದನ್ನು ಇಟ್ಟುಕೊಂಡೇ ಕೆಲಸ ಸಾಗಿಸಲು ಕಲಿತವರ ಕತೆ ಇದು. ಅವರಲ್ಲಿ ಬಹುಪಾಲು ಜನ ಯಾವುದೋ ಒಂದು ಹೊತ್ತಿನಲ್ಲಿ ನೀರಿಗೆ ಬಣ್ಣ ಸುರಿದವರೇ.

ಹಾಗೆ ಸುರಿದ ಹಳಬರಲ್ಲಿ ಒಬ್ಬ ಇದೇ ಕಾರ್ಲ್ಸ್‌ರೂಅದ ಪ್ರಾಧ್ಯಾಪಕ, ಭೂವಿಜ್ಞಾನಿ ಅಡಾಲ್ಫ್ ಕ್ನೋಪ್. ದಕ್ಷಿಣ ಜರ್ಮನಿಯ ಇಮೆಂಡಿಂಗೆನ್ ಬಳಿ ಡ್ಯಾನ್ಯೂಬ್ ನದಿಯ ನೀರು ನೆಲದ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ನೀರು ಬಳಸುವವರ ನಡುವೆ ಜಗಳವಿತ್ತು. 1877ರಲ್ಲಿ ಕ್ನೋಪ್ ಆ ಬಿರುಕುಗಳಿಗೆ 20 ಟನ್ ಉಪ್ಪು, 1200 ಕಿಲೋ ಕಲ್ಲೆಣ್ಣೆ, 10 ಕಿಲೋ ಫ್ಲೋರೆಸೀನ್ ಬಣ್ಣ ಸುರಿಸಿದ. ಸುಮಾರು ಅರವತ್ತು ಗಂಟೆಗಳ ನಂತರ, ಹನ್ನೆರಡು ಕಿಲೋಮೀಟರ್ ಆಚೆ, ಆಖ್ ಎಂಬ ಹೊಳೆಯ ಬುಗ್ಗೆಯಲ್ಲಿ ಹಸಿರು ಹೊಳೆಯುವ ನೀರು ಉಕ್ಕಿತು. ಆಖ್ ಸೇರುವುದು ಕಾನ್‌ಸ್ಟನ್ಸ್ ಸರೋವರವನ್ನು, ಅಲ್ಲಿಂದ ಮುಂದೆ ರೈನ್ ನದಿಯನ್ನು. ಅಂದರೆ ಡ್ಯಾನ್ಯೂಬ್ ಯಾರಿಗೂ ಕಾಣದಂತೆ ರೈನ್‌ಗೆ ನೀರು ಸಾಲ ಕೊಡುತ್ತಿತ್ತು. ಬಣ್ಣ ಇಲ್ಲಿ ಸಾಕ್ಷಿ ಹೇಳಿತು, ಅಷ್ಟೆ. ನೀರು ಎಲ್ಲಿ ಹೋಯಿತೆಂದು ಹೇಳಿತೇ ಹೊರತು ಹೇಗೆ ಹರಡಿತೆಂದು ಹೇಳಲಿಲ್ಲ.

ಅದಕ್ಕೆ ಬಣ್ಣವನ್ನು ಗಾಜಿನೊಳಗೆ ನೋಡಬೇಕಾಯಿತು. ಮ್ಯಾಂಚೆಸ್ಟರ್‌ನ ಆಸ್ಬರ್ನ್ ರೆನಾಲ್ಡ್ಸ್ ನೀರು ತುಂಬಿದ ತೊಟ್ಟಿಯೊಳಗೆ ಉದ್ದನೆಯ ಗಾಜಿನ ಕೊಳವೆ ಮಲಗಿಸಿ, ಅದರ ಬಾಯಿಗೆ ಬಣ್ಣದ ಒಂದೇ ಒಂದು ಎಳೆಯನ್ನು ಬಿಟ್ಟ. ನೀರು ನಿಧಾನ ಹರಿದಾಗ ಎಳೆ ದಾರದಂತೆ ನೇರ ಸಾಗಿತು. ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಎಳೆ ಒಮ್ಮೆಲೇ ಒಡೆದು ಕೊಳವೆಯ ತುಂಬ ಬಣ್ಣ ಕದಡಿತು. ಅವನ ಮುಂದಿನ ಉಪಾಯ ನನಗೆ ಬಹಳ ಇಷ್ಟ. ಕದಡಿದಂತೆ ಕಂಡ ಆ ಬಣ್ಣವನ್ನು ಅವನು ವಿದ್ಯುತ್ ಕಿಡಿಯ ಕ್ಷಣಮಾತ್ರದ ಬೆಳಕಿನಲ್ಲಿ ನೋಡಿದ. ಆಗ ಕಂಡದ್ದು ಕದಡಲ್ಲ, ಒಂದಕ್ಕೊಂದು ಹೆಣೆದುಕೊಂಡ ಸುರುಳಿಗಳು. ನಮ್ಮ ಕಣ್ಣು ನಿಧಾನವಾದ್ದರಿಂದ ಅವೆಲ್ಲ ಸೇರಿ ಮಬ್ಬಾಗಿ ಕಾಣುತ್ತವೆ. ಆ ಉಪಕರಣ ಈಗಲೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದೆ. ಆದರೆ ಅವನಿಗೆ ಸಿಕ್ಕಷ್ಟು ವೇಗದವರೆಗೆ ಎಳೆಯನ್ನು ನೇರವಾಗಿ ಉಳಿಸಿಕೊಳ್ಳಲು ಈಗ ಆಗುತ್ತಿಲ್ಲವಂತೆ. ಹೊರಗಿನ ರಸ್ತೆಯ ವಾಹನಗಳ ನಡುಕ ಕೊಳವೆಗೆ ತಾಗುತ್ತದೆ.

1883ರ ಆ ಪ್ರಬಂಧದ ಶೀರ್ಷಿಕೆಯಲ್ಲಿ ರೆನಾಲ್ಡ್ಸ್ ಈ ಹರಿವಿಗೆ ಬಳಸಿದ ಪದ ಬಾಗುಬಳುಕಿನದು, ಹಾವಿನ ನಡೆಯಂಥದ್ದು. ಈಗ ಎಲ್ಲರೂ ಬಳಸುವ ‘ಟರ್ಬ್ಯುಲೆನ್ಸ್’ ಅನ್ನು ಚಾಲ್ತಿಗೆ ತಂದವನು ನಾಲ್ಕು ವರ್ಷದ ನಂತರ ಕೆಲ್ವಿನ್. ಅದರ ಬೇರು ಲ್ಯಾಟಿನ್ನಿನ ‘ಟುರ್ಬಾ’, ಅಂದರೆ ಗದ್ದಲದ ಜನಜಂಗುಳಿ. ಕನ್ನಡದ ಪಠ್ಯಗಳಲ್ಲಿ ಇದು ‘ಪ್ರಕ್ಷುಬ್ಧ ಹರಿವು’. ಗಲಭೆಯಾದ ಊರಿನ ಬಗ್ಗೆ ಪತ್ರಿಕೆಗಳು ‘ಪರಿಸ್ಥಿತಿ ಪ್ರಕ್ಷುಬ್ಧ’ ಎಂದು ಬರೆಯುತ್ತವೆ, ಹಾಗಾಗಿ ಯಾರೂ ಯೋಜಿಸದೆಯೇ ಎರಡು ಭಾಷೆಗಳು ಒಂದೇ ಚಿತ್ರಕ್ಕೆ ಬಂದು ಸೇರಿವೆ. ಅನುವಾದದ ಕೆಲಸದಲ್ಲಿ ಈ ಪದ ಬಂದಾಗಲೆಲ್ಲ ನನಗೆ ಮಾತ್ರ ‘ಸುಳಿ’ಯ ಕಡೆಗೇ ಮನಸ್ಸು ಎಳೆಯುತ್ತದೆ. ಹೊಳೆಯಲ್ಲಿ ಸುಳಿ, ಮಗುವಿನ ನೆತ್ತಿಯ ಮೇಲೆ ಸುಳಿ. ನೆತ್ತಿಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ನಗಾಡುವುದು ಕೇಳಿಯೇ ಇರುತ್ತೀರಿ. ಐನೂರು ವರ್ಷದ ಹಿಂದೆ ಲಿಯೊನಾರ್ಡೊ ದ ವಿಂಚಿ ಬೀಳುವ ನೀರಿನ ಚಿತ್ರ ಬರೆದು, ನೀರಿನ ಚಲನೆ ಕೂದಲಿನ ಹಾಗಿದೆ ಎಂದು ಟಿಪ್ಪಣಿ ಮಾಡಿಕೊಂಡಿದ್ದ. ಅವನು ಹೋಲಿಕೆಯಿಂದ ಹೇಳಬೇಕಾದದ್ದನ್ನು ಕನ್ನಡ ಒಂದೇ ಪದದಲ್ಲಿ ಇಟ್ಟುಕೊಂಡಿದೆ.

ಸುಳಿಯನ್ನು ನೋಡಿದ್ದಾಯಿತು, ಲೆಕ್ಕ ಹಾಕುವುದು ಹೇಗೆ? ಕ್ನೋಪ್ ಬಣ್ಣ ಸುರಿದ ಅದೇ 1877ರಲ್ಲಿ ಫ್ರಾನ್ಸಿನ ಜೋಸೆಫ್ ಬೂಸಿನೆಸ್ಕ್ ಹರಿಯುವ ನೀರಿನ ಬಗ್ಗೆ ದಪ್ಪನೆಯ ಗ್ರಂಥವೊಂದನ್ನು ಪ್ರಕಟಿಸಿದ. ಪ್ರತಿ ಸುಳಿಯನ್ನು ಹಿಂಬಾಲಿಸುವ ಆಸೆ ಬಿಡೋಣ ಎಂಬುದು ಅದರ ತಿರುಳು. ಸುಳಿಗಳೆಲ್ಲ ಸೇರಿ ಮಾಡುವ ಕೆಲಸ ಒಂದೇ: ವೇಗದ ಪದರಕ್ಕೂ ನಿಧಾನದ ಪದರಕ್ಕೂ ನಡುವೆ ತಿಕ್ಕಾಟ ಹೆಚ್ಚಿಸುವುದು. ಹಾಗಿದ್ದರೆ ನದಿಯ ನೀರು ನೀರಲ್ಲ, ಜೇನುತುಪ್ಪದಂತೆ ಗಟ್ಟಿ ಎಂದು ಭಾವಿಸಿ ಲೆಕ್ಕ ಹಾಕಿದರಾಯಿತು. ಆ ಕಲ್ಪಿತ ಸ್ನಿಗ್ಧತೆ ನೀರಿನ ಗುಣವಲ್ಲ, ಹರಿವಿನ ಗುಣ. ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಎಷ್ಟು ಎಂದು ಕೇಳಿದರೆ ಅಳೆದು ನೋಡಬೇಕು.

1895ರಲ್ಲಿ ರೆನಾಲ್ಡ್ಸ್ ಇದಕ್ಕೆ ಗಣಿತದ ಅಡಿಪಾಯ ಹಾಕಿದ. ನೀರಿನ ವೇಗವನ್ನು ಅವನು ಎರಡು ಪಾಲು ಮಾಡಿದ: ಒಂದು ಸರಾಸರಿ, ಇನ್ನೊಂದು ಅದರ ಸುತ್ತಲಿನ ಏರಿಳಿತ. ಏರಿಳಿತದ ಸರಾಸರಿ ಸೊನ್ನೆ. ಹಾಗಾದರೆ ಸಮೀಕರಣದಿಂದ ಅದು ಮಾಯವಾಗಬೇಕಲ್ಲ? ಆಗುವುದಿಲ್ಲ. ಏಕೆಂಬುದಕ್ಕೆ ಮಣ್ಣು ತುಂಬಿದ ಹೊಳೆಯನ್ನು ನೆನೆಯಿರಿ. ತಳದ ನೀರಿನಲ್ಲಿ ಹೂಳು ಹೆಚ್ಚು, ಮೇಲಿನದರಲ್ಲಿ ಕಡಿಮೆ. ಸುಳಿ ಎಷ್ಟು ನೀರನ್ನು ಮೇಲಕ್ಕೆ ಎತ್ತುತ್ತದೋ ಅಷ್ಟನ್ನೇ ಕೆಳಕ್ಕೆ ಇಳಿಸುತ್ತದೆ, ನೀರಿನ ಲೆಕ್ಕ ಸರಿಹೋಯಿತು. ಆದರೆ ಮೇಲೇರುವ ನೀರು ಹೊರೆ ಹೊತ್ತು ಏರುತ್ತದೆ, ಇಳಿಯುವ ನೀರು ಹೆಚ್ಚುಕಡಿಮೆ ಬರಿಗೈಯಲ್ಲಿ ಇಳಿಯುತ್ತದೆ. ಹೀಗಾಗಿ ನೀರು ಒಟ್ಟಾರೆ ಎಲ್ಲಿಗೂ ಹೋಗದಿದ್ದರೂ ಹೂಳು ಮೇಲಕ್ಕೆ ಹೋಗುತ್ತದೆ. ಎರಡು ಏರಿಳಿತಗಳು ಜತೆ ಸೇರಿದಾಗ ಅವುಗಳ ಗುಣಲಬ್ಧದ ಸರಾಸರಿ ಸೊನ್ನೆಯಾಗುವುದಿಲ್ಲ. ಸಮೀಕರಣದಲ್ಲಿ ಆ ಪದ ಸಾಲದ ಬಾಕಿಯಂತೆ ಉಳಿದುಬಿಡುತ್ತದೆ. ಅದಕ್ಕೆ ಇನ್ನೊಂದು ಸಮೀಕರಣ ಬರೆದರೆ ಅದರೊಳಗೆ ಮೂರು ಏರಿಳಿತಗಳ ಗುಣಲಬ್ಧ ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ಇನ್ನೊಂದು ಬರೆದರೆ ನಾಲ್ಕರದು. ಸರಪಳಿಗೆ ಕೊನೆಯಿಲ್ಲ. ಎಲ್ಲೋ ಒಂದು ಕಡೆ ನಿಲ್ಲಿಸಿ, ಅಳೆದು ತಂದ ಅಂಕಿಯೊಂದನ್ನು ಇಟ್ಟು ಬಾಯಿ ಮುಚ್ಚಿಸಬೇಕು. ಆಮೇಲೆ ಬಂದ ಪ್ರಕ್ಷುಬ್ಧತೆಯ ಮಾದರಿಗಳಲ್ಲಿ ಹೆಚ್ಚಿನವು ಎಲ್ಲಿ ನಿಲ್ಲಿಸಬೇಕು, ಯಾವ ಅಂಕಿ ಇಡಬೇಕು ಎಂಬ ಎರಡು ಪ್ರಶ್ನೆಗೆ ಕೊಟ್ಟ ಉತ್ತರಗಳೇ.

ಹೂಳಿನ ಉದಾಹರಣೆಯನ್ನು ಸುಮ್ಮನೆ ಆರಿಸಲಿಲ್ಲ. ರೆನಾಲ್ಡ್ಸ್ ಈ ಗಣಿತ ಪ್ರಕಟಿಸಿದ ಅದೇ 1895ರಲ್ಲಿ ಪಂಜಾಬಿನ ನೀರಾವರಿ ಎಂಜಿನಿಯರ್ ಆರ್. ಜಿ. ಕೆನಡಿಯ ಪ್ರಬಂಧ ಲಂಡನ್ನಿನಲ್ಲಿ ಅಚ್ಚಾಯಿತು. ರಾವಿ ನದಿಯಿಂದ ನೀರು ಎಳೆಯುವ ಅಪ್ಪರ್ ಬಾರಿ ದೋಆಬ್ ಕಾಲುವೆಯಲ್ಲಿ ಹೂಳು ದೊಡ್ಡ ಪೀಡೆ. ಕೆನಡಿ ಹೂಳು ತುಂಬದೆಯೂ ತಳ ಕೊರೆಯದೆಯೂ ಹಲವು ವರ್ಷಗಳಿಂದ ನೆಮ್ಮದಿಯಾಗಿ ಹರಿಯುತ್ತಿದ್ದ ಕಾಲುವೆಭಾಗಗಳನ್ನು ಹುಡುಕಿ ಅಳೆದ. ತಳದಿಂದ ಏಳುವ ಸುಳಿಗಳೇ ಹೂಳನ್ನು ಎತ್ತಿ ಹಿಡಿದಿವೆ ಎಂಬುದು ಅವನ ವಿವರಣೆ. ಸೂತ್ರ ಸರಳ: ಆಳವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ 0.64ನೆಯ ಘಾತವನ್ನು 0.84ರಿಂದ ಗುಣಿಸಿದರೆ ಬೇಕಾದ ವೇಗ ಸಿಗುತ್ತದೆ. ನಾಲ್ಕು ಅಡಿ ಆಳದ ಕಾಲುವೆಗೆ ಸೆಕೆಂಡಿಗೆ ಸುಮಾರು ಎರಡು ಅಡಿ. ಗಣಿತಜ್ಞರು ಇನ್ನೂ ಬಾಕಿಯ ಪದವನ್ನು ದಿಟ್ಟಿಸುತ್ತ ಕುಳಿತಿದ್ದಾಗ ಕೆನಡಿ ಅದಕ್ಕೆ ಬೆಲೆ ಕಟ್ಟಿ ಕಾಲುವೆ ತೋಡಿಸುತ್ತಿದ್ದ. ತೊಡಕು ತಿಳಿದದ್ದು ಸೂತ್ರ ಬೇರೆ ಸೀಮೆಗೆ ಹೋದಾಗ. ಆ 0.84 ಬಾರಿ ದೋಆಬ್‌ನ ಹೂಳಿನದು. ಬೇರೆ ಮರಳಿಗೆ ಬೇರೆ ತಿದ್ದುಪಡಿ ಬೇಕಾಯಿತು.

ಇಂಥ ಕಾರಣಕ್ಕೇ ದೊಡ್ಡ ಯೋಜನೆಗಳಿಗೆ ಮುನ್ನ ನದಿಯನ್ನೇ ಕಿರಿದು ಮಾಡಿ ಅಂಗಳದಲ್ಲಿ ಹರಿಸಿ ನೋಡುವ ಪ್ರಯೋಗಶಾಲೆಗಳು ಹುಟ್ಟಿದವು. ಪುಣೆಯ ಓದುಗರು ಖಡಕ್‌ವಾಸ್ಲಾ ಕಡೆ ಹೋಗುವಾಗ ನೋಡುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಅಂಥದ್ದು. 1916ರಲ್ಲಿ ಮುಂಬೈ ಪ್ರಾಂತದ ನೀರಾವರಿಯ ಪುಟ್ಟ ಘಟಕವಾಗಿ ಶುರುವಾದದ್ದು. ಅಲ್ಲಿ ಸಮೀಕರಣ ಬಿಡಿಸುವ ಕೆಲಸವನ್ನು ನೀರಿಗೇ ಒಪ್ಪಿಸುತ್ತಿದ್ದರು.

ಇನ್ನು ಹರಡುವಿಕೆಗೆ ಬರೋಣ. ಇದರ ಮುಖ್ಯ ಮನುಷ್ಯ ಜೆಫ್ರಿ ಟೇಲರ್. ಅವನಿಗೆ ಸುಳಿಯ ಗೀಳು ಹತ್ತಿಸಿದ್ದು ಟೈಟಾನಿಕ್ ದುರಂತ ಎಂದರೆ ಹೆಚ್ಚು ತಪ್ಪಾಗದು. 1912ರಲ್ಲಿ ಆ ಹಡಗು ಮುಳುಗಿದ ಮೇಲೆ ಹಿಮಗಡ್ಡೆಗಳ ಮೇಲೆ ಕಣ್ಣಿಡಲು ‘ಸ್ಕೋಶಿಯಾ’ ಎಂಬ ನೌಕೆಯನ್ನು ಉತ್ತರ ಅಟ್ಲಾಂಟಿಕ್‌ಗೆ ಕಳಿಸಿದರು. 1913ರಲ್ಲಿ ಹವಾಮಾನ ವೀಕ್ಷಕನಾಗಿ ಅದನ್ನೇರಿದ ತರುಣ ಟೇಲರ್, ನ್ಯೂಫೌಂಡ್‌ಲ್ಯಾಂಡ್ ಬಳಿಯ ತಣ್ಣನೆಯ ಕಡಲ ಮೇಲೆ ಗಾಳಿಪಟ ಹಾರಿಸಿ, ಎತ್ತರೆತ್ತರದ ಗಾಳಿಯ ಉಷ್ಣತೆ ಅಳೆದ. ಕೆಳಗಿನ ತಂಪನ್ನು ಸುಳಿಗಳು ಎಷ್ಟು ಎತ್ತರಕ್ಕೆ ಒಯ್ದಿವೆ ಎಂಬುದು ಆ ಅಂಕಿಗಳಲ್ಲಿತ್ತು. 1921ರಲ್ಲಿ ಅವನು ಅದನ್ನು ಸಿದ್ಧಾಂತವಾಗಿ ಬೆಳೆಸಿದ.

ನದಿಗೆ ನೇರವಾಗಿ ತಾಗಿದ್ದು 1953–54ರ ಅವನ ಕೆಲಸ. ಕೊಳವೆಯಲ್ಲಿ ನಡುವಿನ ನೀರು ಬೇಗ ಹೋಗುತ್ತದೆ, ಗೋಡೆಯ ಬಳಿಯದು ತಡೆಯುತ್ತದೆ. ಒಂದು ತೊಟ್ಟು ಬಣ್ಣ ಬಿಟ್ಟರೆ ಅದು ಉದ್ದಕ್ಕೆ ಎಳೆದುಕೊಳ್ಳುತ್ತ ಹೋಗುತ್ತದೆ. ಸುಳಿಗಳು ಹೆಚ್ಚಿದ್ದಷ್ಟೂ ಬಣ್ಣ ಹೆಚ್ಚು ಉದ್ದ ಹರಡಬೇಕು ಎಂದು ನಮಗನ್ನಿಸುತ್ತದೆ. ಟೇಲರ್ ತೋರಿಸಿದ್ದು ಉಲ್ಟಾ. ಹೆದ್ದಾರಿಯಲ್ಲಿ ಒಟ್ಟಿಗೆ ಹೊರಟ ನೂರು ಕಾರುಗಳನ್ನು ನೆನೆಯಿರಿ. ಪ್ರತಿ ಕಾರೂ ತನ್ನ ಲೇನ್ ಬಿಡದೆ ಹೋದರೆ ಸಂಜೆಯ ಹೊತ್ತಿಗೆ ವೇಗದ ಲೇನಿನವರು ಎಷ್ಟೋ ಮುಂದೆ, ನಿಧಾನದವರು ಎಷ್ಟೋ ಹಿಂದೆ. ಎಲ್ಲರೂ ಆಗಾಗ ಲೇನ್ ಬದಲಿಸುತ್ತಿದ್ದರೆ ಎಲ್ಲರ ಸರಾಸರಿ ವೇಗವೂ ಒಂದೇ ಆಗಿ ಗುಂಪು ಹೆಚ್ಚು ಚದುರುವುದಿಲ್ಲ. ಸುಳಿಗಳ ಕೆಲಸ ಈ ಲೇನ್ ಬದಲಾವಣೆ. ಅಡ್ಡಕ್ಕೆ ಕಲಕಿದಷ್ಟೂ ಉದ್ದಕ್ಕೆ ಚದುರುವುದು ಕಡಿಮೆ. ಹೀಗೆ ಅಷ್ಟೂ ಗೊಂದಲವನ್ನು ಟೇಲರ್ ಒಂದೇ ಅಂಕಿಗೆ, ಹರಡುವಿಕೆಯ ಗುಣಾಂಕಕ್ಕೆ, ಇಳಿಸಿದ.

ಟೇಲರ್‌ನ ಸಮಕಾಲೀನ ಲೂಯಿಸ್ ಫ್ರೈ ರಿಚರ್ಡ್‌ಸನ್ ಬೇರೆಯೇ ಜಾತಿಯ ಮನುಷ್ಯ. ಕ್ವೇಕರ್ ಪಂಥದವನು, ಯುದ್ಧವಿರೋಧಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಆಂಬುಲೆನ್ಸ್ ಓಡಿಸಿದ. ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಕೆಳಗೆ ಹೋದಾಗ ಕೆಲಸ ಬಿಟ್ಟ. 1926ರಲ್ಲಿ ಅವನು ಹೇಳಿದ್ದು ಇದು: ಹರಡುವಿಕೆಗೆ ಒಂದೇ ಗುಣಾಂಕ ಎಂಬುದೇ ಇಲ್ಲ. ಮೋಡ ದೊಡ್ಡದಾದಷ್ಟೂ ಇನ್ನೂ ದೊಡ್ಡ ಸುಳಿಗಳು ಅದನ್ನು ಎಳೆದಾಡತೊಡಗುತ್ತವೆ. ಆದ್ದರಿಂದ ಹರಡುವ ವೇಗ ಗಾತ್ರದ ಮೂರನೇ ನಾಲ್ಕರ ಘಾತದಂತೆ, ಅಂದರೆ ಗಾತ್ರಕ್ಕಿಂತಲೂ ತುಸು ಬಿರುಸಾಗಿ, ಏರುತ್ತದೆ. ಎರಡನೇ ಮಹಾಯುದ್ಧದ ನಂತರ, ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಅವನನ್ನು ಕಾಣಲು ಅಮೆರಿಕದ ಸಾಗರವಿಜ್ಞಾನಿ ಹೆನ್ರಿ ಸ್ಟಾಮೆಲ್ ಬಂದ. ಇಬ್ಬರೂ ಲಾಕ್ ಲಾಂಗ್ ಎಂಬ ಕಡಲ ಚಾಚಿನ ಕಟ್ಟೆಯ ಮೇಲೆ ನಿಂತು ನೀರಿಗೆ ಪಾರ್ಸ್‌ನಿಪ್ ತುಂಡುಗಳನ್ನು ಎಸೆದರು. ಪಾರ್ಸ್‌ನಿಪ್ ಕ್ಯಾರೆಟ್ಟಿನ ನೆಂಟ, ಬೆಳ್ಳಗಿನ ಗೆಡ್ಡೆ. ಮುಳುಗಿಯೂ ಮುಳುಗದಂತೆ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ, ಬಿಳಿ ಬಣ್ಣದಿಂದ ಕಣ್ಣಿಗೆ ಕಾಣುತ್ತದೆ. ಎರಡು ತುಂಡುಗಳ ನಡುವಿನ ದೂರ ಎಷ್ಟು ಹೊತ್ತಿಗೆ ಎಷ್ಟಾಯಿತು, ಅಷ್ಟೇ ಪ್ರಯೋಗ. ಗಾಳಿಗೆಂದು ಹೇಳಿದ ನಿಯಮ ನೀರಿಗೂ ಹೆಚ್ಚುಕಡಿಮೆ ಒಪ್ಪಿತು. 1948ರ ಪ್ರಬಂಧದ ಮೊದಲ ವಾಕ್ಯವೇ ತೇಲುವ ಎರಡು ಪಾರ್ಸ್‌ನಿಪ್ ತುಂಡುಗಳ ಮಾತು, ಯಾವ ಪೀಠಿಕೆಯೂ ಇಲ್ಲದೆ. ವಿಜ್ಞಾನದ ಬರಹಗಳನ್ನು ಅನುವಾದಿಸುವವರಿಗೆ ಇಂಥ ಮೊದಲ ವಾಕ್ಯ ಸಿಗುವುದು ಅಪರೂಪ.

ನದಿಯ ಕಡೆ 1959ರಲ್ಲಿ ಎಲ್ಡರ್ ಎಂಬಾತ ಟೇಲರ್‌ನ ಲೆಕ್ಕವನ್ನು ಕೊಳವೆಯಿಂದ ತೆರೆದ ಕಾಲುವೆಗೆ ತಂದ. ತಳದ ನೀರು ನಿಧಾನ, ಮೇಲ್ಮೈಯದು ವೇಗ, ಆ ವ್ಯತ್ಯಾಸದಿಂದ ಗುಣಾಂಕ. ಪ್ರಯೋಗಶಾಲೆಯ ತೊಟ್ಟಿಯಲ್ಲಿ ಸೂತ್ರ ನಿಂತಿತು. ಅಷ್ಟರಲ್ಲಿ ಅಣುಯುಗ ಬಂದಿತ್ತು. ವಿಕಿರಣಶೀಲ ತ್ಯಾಜ್ಯವೋ ಕಾರ್ಖಾನೆಯ ಕೊಳಚೆಯೋ ಹೊಳೆಗೆ ಬಿದ್ದರೆ ಏನಾಗುತ್ತದೆಂದು ಸರ್ಕಾರಗಳಿಗೆ ತಿಳಿಯಬೇಕಿತ್ತು. ಅಮೆರಿಕದ ಭೂಸರ್ವೇಕ್ಷಣಾ ಇಲಾಖೆಯವರು ಹೊಳೆಗಳಿಗೆ ವಿಕಿರಣಶೀಲ ಚಿನ್ನವನ್ನೇ ಬೆರೆಸಿ ಕೆಳಗಡೆ ಅಳೆದರು, ಬೇರೆಡೆ ಹೊಳೆಯುವ ಬಣ್ಣ ಸುರಿದರು. ನಿಜವಾದ ನದಿಗಳು ಸೂತ್ರವನ್ನು ಗಾಳಿಗೆ ತೂರಿದವು. 200 ಮೀಟರ್ ಅಗಲ, 2.7 ಮೀಟರ್ ಆಳದ ಮಿಸೌರಿ ನದಿಯಲ್ಲಿ ಎಲ್ಡರ್ ಸೂತ್ರ ಕೊಡುವ ಗುಣಾಂಕ ಸುಮಾರು 1.2. ಅಳೆದಾಗ ಸಿಕ್ಕಿದ್ದು ಸುಮಾರು 1500. ಸಾವಿರ ಪಟ್ಟಿಗೂ ಹೆಚ್ಚು ತಪ್ಪು!

ತಪ್ಪು ಎಲ್ಲಿದೆ ಎಂದು ತೋರಿಸಿದವನು ಕ್ಯಾಲ್‌ಟೆಕ್‌ನ ಸಂಶೋಧನ ವಿದ್ಯಾರ್ಥಿ ಹ್ಯೂಗೊ ಫಿಷರ್, 1966ರ ಸುಮಾರಿಗೆ. ಎಲ್ಲರೂ ನದಿಯನ್ನು ಬದಿಯಿಂದ ನೋಡುತ್ತಿದ್ದರು, ತಳದಿಂದ ಮೇಲ್ಮೈಗೆ. ಫಿಷರ್ ಸೇತುವೆಯ ಮೇಲಿಂದ ನೋಡುವವನ ಹಾಗೆ, ದಡದಿಂದ ದಡಕ್ಕೆ ನೋಡಿದ. ನದಿ ಆಳಕ್ಕಿಂತ ಹತ್ತಾರು ಪಟ್ಟು ಅಗಲ. ತಳದ ನೀರು ಸುಳಿಗೆ ಸಿಕ್ಕಿ ಮೇಲೆ ಬರಲು ಹೆಚ್ಚು ಹೊತ್ತು ಬೇಡ. ದಡದ ನೀರು ನಡುಹೊಳೆ ಸೇರಲು ತಾಸುಗಟ್ಟಲೆ ಬೇಕು. ನಮ್ಮ ಹೆದ್ದಾರಿಯ ಕಾರುಗಳು ಇಲ್ಲಿ ತಮ್ಮ ತಮ್ಮ ಲೇನುಗಳಲ್ಲಿ ಬಹಳ ದೂರ ಸಾಗಿಬಿಡುತ್ತವೆ. ಹೊಳೆಯಲ್ಲಿ ಈಜಿದ ಯಾರಿಗಾದರೂ ದಡದ ಬಳಿ ಸೆಳವು ಕಡಿಮೆ ಎಂದು ಗೊತ್ತು. ಅದು ಲೆಕ್ಕದೊಳಗೆ ಬರಲು ಇಷ್ಟು ಕಾಲ ಬೇಕಾಯಿತು ನೋಡಿ. ಫಿಷರ್ ಮುಂದೆ ಬರ್ಕ್ಲಿಯಲ್ಲಿ ಪ್ರಾಧ್ಯಾಪಕನಾದ. 1979ರಲ್ಲಿ ಜತೆಗಾರರೊಂದಿಗೆ ಈ ವಿಷಯದ ಮುಖ್ಯ ಪಠ್ಯ ಬರೆದ. 1983ರಲ್ಲಿ ಗ್ಲೈಡರ್ ಅಪಘಾತದಲ್ಲಿ ತೀರಿಕೊಂಡ.

ಈ ನಡುವೆ ಕಂಪ್ಯೂಟರ್ ಬಂತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1970ರ ದಶಕದ ಮೊದಲಲ್ಲಿ ಲಾಂಡರ್ ಮತ್ತು ಸ್ಪಾಲ್ಡಿಂಗ್ ‘ಕೆ–ಎಪ್ಸಿಲಾನ್’ ಮಾದರಿಯನ್ನು ರೂಪಿಸಿದರು. ಸುಳಿಗಳಲ್ಲಿ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಒಂದು ಸಮೀಕರಣ, ಆ ಶಕ್ತಿ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಇನ್ನೊಂದು. ಎರಡೂ ಸೇರಿ ಬೂಸಿನೆಸ್ಕ್‌ನ ಕಲ್ಪಿತ ಜೇನಿನ ದಪ್ಪವನ್ನು ಪ್ರತಿ ಬಿಂದುವಿನಲ್ಲೂ ಹೇಳುತ್ತವೆ. ಮಾದರಿಯೊಳಗೆ ಐದು ಅಂಕಿಗಳು ಕುಳಿತಿವೆ: 0.09, 1.44, 1.92, 1.0, 1.3. ಸಿದ್ಧಾಂತದಿಂದ ಉದುರಿದವಲ್ಲ ಇವು, ಪ್ರಯೋಗಗಳಿಗೆ ಹೊಂದಿಸಿ ಆರಿಸಿದವು. ಕೆನಡಿಯ 0.84ರ ವಂಶದವು ಎಂದರೂ ನಡೆದೀತು. ಸ್ಪಾಲ್ಡಿಂಗ್ ಬಳಿ ಕಲಿತ ವೋಲ್ಫ್‌ಗಾಂಗ್ ರೋಡಿ ಈ ವಿದ್ಯೆಯನ್ನು ಕಾರ್ಲ್ಸ್‌ರೂಅಗೆ, ರೈನ್ ದಂಡೆಗೆ, ಒಯ್ದ. 1978ರಲ್ಲಿ ರಸ್ತೋಗಿ ಮತ್ತು ರೋಡಿ ಇದನ್ನು ತೆರೆದ ಕಾಲುವೆಗಳಿಗೆ ಹೊಂದಿಸಿ, ಬಿಸಿನೀರೋ ಕೊಳಚೆಯೋ ದಡದಿಂದ ಹೇಗೆ ಹರಡುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಕೊಳವೆ ನದಿಗೆ ಸೇರುವ ಮೊದಲ ಕೆಲವು ನೂರು ಮೀಟರಿನ ವಿಷಯದಲ್ಲಿ ಇಂಥ ಮಾದರಿ ಬಹಳ ಉಪಯೋಗಿ. ಏಳುನೂರು ಕಿಲೋಮೀಟರ್ ನದಿಗೆ, ಅದೂ ಬೆಂಕಿ ಉರಿಯುತ್ತಿರುವಾಗ, ಆಗಿನ ಕಂಪ್ಯೂಟರುಗಳಿಗೆ ಅದು ಹೊರಲಾರದ ಹೊರೆ.

ಆದ್ದರಿಂದ ಸ್ಯಾಂಡೋಜ್ ಬೆಂಕಿಯ ನಂತರ ರೈನ್ ದೇಶಗಳು ಎಚ್ಚರಿಕೆಯ ಮಾದರಿ ಕಟ್ಟಲು ಹೊರಟಾಗ ಮರಳಿದ್ದು ಟೇಲರ್ ಬಳಿಗೆ: ನದಿಯನ್ನು ಒಂದು ಗೆರೆ ಎಂದು ಭಾವಿಸಿ, ಗೆರೆಯುದ್ದಕ್ಕೂ ವೇಗ ಮತ್ತು ಹರಡುವಿಕೆ. ಒಂದು ತಿದ್ದುಪಡಿ ಮಾತ್ರ ಬೇಕಾಯಿತು. ಟೇಲರ್‌ನ ಲೆಕ್ಕದಲ್ಲಿ ಬಣ್ಣದ ಮೋಡ ಎರಡೂ ಕಡೆ ಸಮನಾಗಿ ಇಳಿಯುವ ಗುಡ್ಡದಂತಿರುತ್ತದೆ. ನದಿಯಲ್ಲಿ ಅದಕ್ಕೆ ಉದ್ದನೆಯ ಬಾಲ. ರೈನ್ ದಡದಲ್ಲಿ ಹಡಗುಗಳ ದಾರಿ ಆಳವಾಗಿರಲೆಂದು ಕಟ್ಟಿದ ಕಲ್ಲಿನ ಅಡ್ಡಗೋಡೆಗಳಿವೆ, ಬಂದರಿನ ಕೊಲ್ಲಿಗಳಿವೆ. ಅಲ್ಲಿ ನೀರು ಸುತ್ತುತ್ತ ನಿಲ್ಲುತ್ತದೆ. ವಿಷ ಅಲ್ಲಿಗೆ ನುಗ್ಗಿ, ಮುಖ್ಯ ಮೋಡ ದಾಟಿಹೋದ ಮೇಲೂ ಸ್ವಲ್ಪಸ್ವಲ್ಪವೇ ಹೊರಗೆ ಬರುತ್ತಿರುತ್ತದೆ. ನಮ್ಮ ಎಂಜಿನಿಯರನ ಮೂರನೆಯ ಪ್ರಶ್ನೆಗೆ, ನಲ್ಲಿ ಮತ್ತೆ ಯಾವಾಗ ತೆರೆಯಲಿ ಎಂಬುದಕ್ಕೆ, ಉತ್ತರ ಈ ಬಾಲದಲ್ಲಿದೆ. ಹೀಗೆ ನಿಂತ ನೀರಿಗೆಂದು ಇನ್ನೊಂದು ಅಂಕಿ ಸೇರಿತು.

ಈ ಅಂಕಿಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. 1980ರ ದಶಕದ ಕೊನೆಯಿಂದ ರೈನ್ ಮತ್ತು ಅದರ ಉಪನದಿಗಳಿಗೆ ಬೇಕೆಂದೇ ಬಣ್ಣ ಸುರಿದು, ಕೆಳಗಿನ ಸೇತುವೆಗಳಲ್ಲಿ ನೀರಿನ ಮಾದರಿ ಎತ್ತಿ, ಒಂದೊಂದು ಭಾಗಕ್ಕೂ ಬೇರೆ ಬೇರೆ ಅಂಕಿ ಕಂಡುಕೊಂಡರು. ಸುರಿದ ಬಣ್ಣಗಳಲ್ಲಿ ಒಂದು ಕ್ನೋಪ್ 1877ರಲ್ಲಿ ಬಳಸಿದ ಫ್ಲೋರೆಸೀನ್‌ನ ಉಪ್ಪು. ಇನ್ನೊಂದು, ಅಪಘಾತದ ಬೆಳಗಿನಲ್ಲಿ ನದಿಯನ್ನು ಕೆಂಪು ಮಾಡಿದ ರೋಡಮಿನ್ ಕುಟುಂಬದ್ದು. ಈಗ ರೈನ್‌ನಲ್ಲಿ ಎಲ್ಲೇ ಏನೇ ಚೆಲ್ಲಿದರೂ ಜಾಗ, ಹೊತ್ತು, ಪ್ರಮಾಣ, ಆ ದಿನದ ನೀರಿನ ಮಟ್ಟ ಕೊಟ್ಟರೆ ಮಾದರಿ ಕೆಳಗಿನ ಊರುಗಳಿಗೆಲ್ಲ ಮೂರೂ ಉತ್ತರ ಹೇಳುತ್ತದೆ. ಎಲ್ಲಾದರೂ ಅಡ್ಡಗೋಡೆ ತೆಗೆದರೆ, ಹೊಸ ಬಂದರು ತೋಡಿದರೆ, ಆ ಭಾಗದ ಅಂಕಿ ಹಳತಾಗುತ್ತದೆ. ಮತ್ತೆ ಯಾರಾದರೂ ಬಣ್ಣದ ಡಬ್ಬ ಹಿಡಿದು ಸೇತುವೆ ಹತ್ತಬೇಕು.